‘ತಿಥಿ’ ಚಲಚ್ಚಿತ್ರದ ವಸ್ತುವಿನ್ಯಾಸ

ನಮ್ಮ ನಾಟ್ಯಮೀಮಾಂಸೆಯು ಇತಿವೃತ್ತವನ್ನು ಆಧಿಕಾರಿಕ, ಪ್ರಾಸಂಗಿಕ ಎಂದು ಎರಡಾಗಿ ವಿಭಜಿಸುತ್ತದೆ. ನಾಯಕನ ಫಲಪ್ರಾಪ್ತಿಗೆ ಸಂಬಂಧಿಸಿದುದು ಮೊದಲನೆಯದು; ಅದಕ್ಕೆ ಉಪಕಾರಕವಾಗಿ ಬರುವುದು ಎರಡನೆಯದು. ರಾಮ್ ರೆಡ್ಡಿಯವರು ನಿರ್ದೇಶಿಸಿ, ಈರೇಗೌಡರೊಡನೆ ಕಥೆಯನ್ನು ಹೆಣೆದ ‘ತಿಥಿ’ (2015) ಈ ವಿಭಾಗಕ್ಕೆ ಸುಲಭವಾಗಿ ಒಳಪಡದು. ಇಲ್ಲಿ ನಾಯಕನೇ ಇಲ್ಲ. ಆದರೂ ಕೃತಿಯು ಚದುರಿಹೋಗಿಲ್ಲ. ಇದಕ್ಕೆ ಕಾರಣವೇನೆಂಬುದು ವಿಚಾರಾರ್ಹ.

ಮಂಡ್ಯ ಸೀಮೆಯ ಹಳ್ಳಿಯೊಂದರಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ಮೃತನಾಗುತ್ತಾನೆ. ಅಲ್ಲಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಕಥೆಯ ಹರಹು. ಮಗ ಗಡ್ಡಪ್ಪನಿಗೆ ಆಸ್ತಿ ಬೇಡ. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಐದು ಎಕರೆ ಜಮೀನನ್ನು ಮಾರುವ ಆತುರ. ಮರಿಮಗ ಅಭಿಗೆ ಕುರಿಗಾರರ ಹುಡುಗಿ ಕಾವೇರಿಯ ಹಂಬಲ. ತಮ್ಮಣ್ಣನು ಬದುಕಿರುವ ತಂದೆಯನ್ನು ಕಾಗದದ ಮೇಲೆ ಸಾಯಿಸಿ, ಕೈಗೆ ಹಣವಿತ್ತು ದೂರಕ್ಕೆ ಕಳುಹುತ್ತಾನೆ. ಗಡ್ಡಪ್ಪ ಹೋಗಿ ಸೇರುವುದು ಅದೇ ಕುರಿಗಾರರನ್ನು. ಹೀಗೆ ಮೂರು ಎಳೆಗಳು ಒಂದಾಗುತ್ತವೆ.

ಗೋಕಾವಿ ನಾಡಿನ ಸಹೃದಯರಿಗೆ ಈ ಕ್ರಮ ಹೊಸದಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಒಂದು ಹೂವು ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರನ್ನು ಕಟ್ಟಿಹಾಕುತ್ತದೆ. ‘ತಿಥಿ’ಯಲ್ಲಿ ಆ ಹೂವಿನ ಸ್ಥಾನದಲ್ಲಿ ಭೂಮಿಯಿದೆ. ಉತಾರದಲ್ಲಿ ಸತ್ತವರ ಹೆಸರೇ ಉಳಿದು ವಾರಸದಾರರು ಅಲೆಯುವ ಸಂಕಟವನ್ನು ಕೊಣ್ಣೂರಿನ ಒಕ್ಕಲಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಪಾರಿಜಾತದ ಮುನಿಸು ಪ್ರಣಯದ್ದು, ಪರಿಹಾರಕ್ಕೆ ಒಳಪಡತಕ್ಕದ್ದು. ಇಲ್ಲಿಯದು ರಕ್ತಸಂಬಂಧವನ್ನೇ ಹುಸಿಯಾಗಿಸುವಂಥದು.

ಪಾತ್ರಗಳು ಹಲವಾದಾಗ ಪ್ರತಿಯೊಂದೂ ತೆಳುವಾಗುವ ಅಪಾಯವುಂಟು. ಇದರಿಂದ ಚಿತ್ರವು ಪಾರಾದುದು ತೀರ್ಪು ನೀಡದ ಸಂಯಮದಿಂದ. ನಟರಲ್ಲದ ಹಳ್ಳಿಗರೇ ಅಭಿನಯಿಸಿರುವುದರಿಂದ ಮಾತಿಗೆ ನೆಲದ ಲಯವಿದೆ. ಕುಡಿದು ಅಲೆಯುವ ಗಡ್ಡಪ್ಪನನ್ನು ಕಂಡು ಮೊದಲು ನಗುತ್ತೇವೆ. ಕುರಿಗಾರರ ಮುಂದೆ ಆತನು ತನ್ನ ಬಾಳಿನ ಹಳೆಯ ಗಾಯವನ್ನು ತೆರೆದಾಗ ನಗೆ ನಿಲ್ಲುತ್ತದೆ. ಅವನ ನಿರ್ಲಿಪ್ತತೆ ಸೋಮಾರಿತನವಲ್ಲವೆಂದು ತಿಳಿದ ಮೇಲೂ ತಮ್ಮಣ್ಣನನ್ನು ದ್ವೇಷಿಸಲು ಮನಸ್ಸು ಬಾರದು. ಸಂಸಾರದ ಹೊರೆಯೆಲ್ಲ ಅವನ ಹೆಗಲ ಮೇಲಿದೆ.

ಕಾವೇರಿಯ ಅಂತರಂಗವು ಅಭಿಯ ನೋಟದಾಚೆಗೆ ಬೆಳೆಯದಿರುವುದು ಈ ಹೆಣಿಗೆಯ ಕೊರತೆ. ಆಕೆಯ ಎಳೆ ಉಳಿದವುಗಳಷ್ಟು ಗಟ್ಟಿಯಾಗಿಲ್ಲ.

2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಈ ಕೃತಿಗೆ ಸಂದ ಸುವರ್ಣ ಚಿರತೆ ಪ್ರಶಸ್ತಿಯು ಅದರ ಕೀರ್ತಿಗೆ ಸಾಕ್ಷಿ. ಆದರೆ ಅದರ ಸತ್ತ್ವಕ್ಕೆ ಸಾಕ್ಷಿ ಬೇರೆ: ಒಂದು ಮನೆತನದ ಮೂರು ತಲೆಮಾರುಗಳು ಒಂದೇ ಸಾವಿನ ಸುತ್ತ ನೆರೆದರೂ ಸತ್ತವನಿಗಾಗಿ ಅಳುವವರಿಲ್ಲವೆಂಬ ಕಠೋರ ಸತ್ಯವನ್ನು ಅದು ನಗುನಗುತ್ತಲೇ ನಮಗೆ ಮನಗಾಣಿಸುತ್ತದೆ.