ನಮ್ಮ ಗ್ರಂಥಗಳು ಯಾರಿಗೆ ತೆರೆದಿವೆ? – ಒಂದು ವಿಮರ್ಶೆ



ಗ್ರಂಥವಿಮರ್ಶೆಯೆಂದರೆ ಗ್ರಂಥದ ವಸ್ತು, ಶೈಲಿ, ಪಾಠಶುದ್ಧಿ, ಮುದ್ರಣದ ಅಂದಚೆಂದಗಳನ್ನು ಒರೆಗೆ ಹಚ್ಚುವುದು ವಾಡಿಕೆ. ಆದರೆ ಆ ಗ್ರಂಥವನ್ನು ಯಾರು ಓದಬಲ್ಲರು, ಯಾರು ಓದಲಾರರು ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶಕರು ಎತ್ತುವುದು ವಿರಳ. ಈ ಒಂದೇ ಪ್ರಶ್ನೆಯನ್ನು ಹಿಡಿದು ನಮ್ಮ ಕನ್ನಡ ಪ್ರಕಟಣೆಗಳನ್ನು, ವಿಶೇಷವಾಗಿ ಮಠಗಳ ಗ್ರಂಥಮಾಲೆಗಳನ್ನು, ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಅಂಧರಿಗೆ ವಿದ್ಯಾದಾನ ಮಾಡುವ ವಿಷಯದಲ್ಲಿ ನಮ್ಮ ಪರಂಪರೆ ಹಿಂದುಳಿದುದಲ್ಲ. ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ಅಂಧ ಬಾಲಕನೊಬ್ಬನ ಸಂಗೀತಪ್ರತಿಭೆಯನ್ನು ಗುರುತಿಸಿ, ಆಶ್ರಯವಿತ್ತು, ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944). ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ತಾವೂ ಅಂಧರಾಗಿದ್ದು, ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಮುನ್ನಡೆಸಿದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥರಚನೆ ಮಾಡಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

ಈ ಮಹನೀಯರ ಬಾಳನ್ನು ನಾವು ಪವಾಡವೆಂದು ಕೊಂಡಾಡುತ್ತೇವೆ. ಇಲ್ಲಿಯೇ ನಮ್ಮ ತಪ್ಪು. ಪವಾಡವೆಂದು ಕೈಮುಗಿದೊಡನೆ ನಮ್ಮ ಕರ್ತವ್ಯ ಮುಗಿಯಿತೆಂಬ ಭಾವನೆ ಮೂಡುತ್ತದೆ. ಪ್ರತಿಭೆ ಅವರದು, ನಿಜ; ಆದರೆ ಅದಕ್ಕೆ ದಾರಿ ಮಾಡಿಕೊಟ್ಟದ್ದು ವ್ಯವಸ್ಥೆ: ಅನ್ನ, ಆಶ್ರಯ, ಗುರು, ಮತ್ತು ಕಿವಿಯಿಂದಲೇ ಕಲಿಯಬಹುದಾದ ಪಾಠಕ್ರಮ. ಆ ವ್ಯವಸ್ಥೆಯನ್ನು ಗ್ರಂಥಲೋಕಕ್ಕೆ ನಾವು ವಿಸ್ತರಿಸಿದ್ದೇವೆಯೇ?

ಸಾಧನಗಳ ಕೊರತೆಯಿಂದ ನಾವು ಹಿಂದುಳಿದೆವೆನ್ನುವಂತಿಲ್ಲ. ಫ್ರಾನ್ಸಿನ ಲೂಯಿ ಬ್ರೈಲ್ ತನ್ನ ಆರು ಚುಕ್ಕೆಗಳ ಲಿಪಿಯನ್ನು 1829ರಲ್ಲಿ ಪ್ರಕಟಿಸಿದನು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕೃತವಾಯಿತು. ಕನ್ನಡದ 'ಕ'ಕಾರಕ್ಕೂ ಹಿಂದಿಯ 'ಕ'ಕಾರಕ್ಕೂ ಅದರಲ್ಲಿ ಒಂದೇ ಗುರುತು. ಬ್ರೈಲ್ ಗ್ರಂಥ ಗಾತ್ರದಲ್ಲಿ ದೊಡ್ಡದು, ವೆಚ್ಚದಲ್ಲಿ ಹೆಚ್ಚು ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಗಣಕಯಂತ್ರ ಬಂದ ಮೇಲೆ ಈ ನೆಪಕ್ಕೂ ಎಡೆಯಿಲ್ಲ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶಗಳಿವೆ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು ಆರಂಭಿಸಿದ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ.

ಓದಬೇಕಾದರೆ ಅದಕ್ಕೆ ಅಕ್ಷರ ಸಿಗಬೇಕಷ್ಟೆ. ನಮ್ಮ ಪ್ರಕಟಣೆಗಳಲ್ಲಿ ಅದು ಸಿಗದಿರಲು ಎರಡು ಕಾರಣಗಳಿವೆ. ಮೊದಲನೆಯದು, ಹಳೆಯ ಗ್ರಂಥಗಳ ಪುಟಗಳನ್ನು ಕೇವಲ ಚಿತ್ರಗಳಾಗಿ ತೆಗೆದು ಜಾಲದಲ್ಲಿ ಇರಿಸುವುದು. ಕಣ್ಣುಳ್ಳವರಿಗೆ ಅದು ಪುಟ. ತಂತ್ರಾಂಶಕ್ಕೆ ಅದು ಬರಿಯ ಚಿತ್ರ. ಎರಡನೆಯದು, ಹೊಸ ಗ್ರಂಥಗಳನ್ನೂ ಹಳೆಯ ರೀತಿಯ ನುಡಿ ಮುಂತಾದ ಅಕ್ಷರವಿನ್ಯಾಸಗಳಲ್ಲಿ ಜೋಡಿಸುವುದು. ಅವುಗಳಲ್ಲಿ ಕಾಣುವುದು ಕನ್ನಡವಾದರೂ ಗಣಕದ ಒಳಗಿರುವುದು ರೋಮನ್ ಸಂಕೇತಗಳು; ತಂತ್ರಾಂಶ ಉಚ್ಚರಿಸುವುದು ಅರ್ಥವಿಲ್ಲದ ಗೊಂದಲವನ್ನು. ಕನ್ನಡವನ್ನೊಳಗೊಂಡ ಯುನಿಕೋಡ್ ಸಂಕೇತವ್ಯವಸ್ಥೆ 1991ರಲ್ಲಿಯೇ ಬಂದಿದ್ದರೂ ನಮ್ಮ ಮುದ್ರಣಾಲಯಗಳು ಹಳೆಯ ರೂಢಿಯನ್ನು ಪೂರ್ತಿಯಾಗಿ ಬಿಟ್ಟಿಲ್ಲ.

ತಾವೇ ಪರೀಕ್ಷಿಸಿ ನೋಡಬಹುದು. ತಮ್ಮ ಸಂಸ್ಥೆಯ ಒಂದು ಗ್ರಂಥವನ್ನು ಗಣಕದಲ್ಲಿ ತೆರೆದು ಒಂದು ವಾಕ್ಯವನ್ನು ನಕಲು ಮಾಡಿ ಬೇರೆ ಪುಟದಲ್ಲಿ ಇರಿಸಿರಿ. ವಾಕ್ಯ ಕೈಗೆ ಸಿಗದಿದ್ದರೆ, ಅಥವಾ ರೋಮನ್ ಅಕ್ಷರಗಳ ರಾಶಿಯಾಗಿ ಮಾರ್ಪಟ್ಟರೆ, ಆ ಗ್ರಂಥ ಅಂಧರ ಪಾಲಿಗೆ ಮುಚ್ಚಿದೆ ಎಂದು ತಿಳಿಯಬೇಕು. ಅದರ ಪಾಂಡಿತ್ಯ ಎಷ್ಟೇ ಘನವಾಗಿರಲಿ, ಪ್ರಕಟಣೆಯ ದೃಷ್ಟಿಯಿಂದ ಅದು ಅಪೂರ್ಣ.

ಕಾನೂನಿನ ಅಡ್ಡಿಯೆಂಬ ಮಾತೂ ನಿಲ್ಲದು. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಆದ ತಿದ್ದುಪಡಿ, ಅಂಗವಿಕಲರಿಗಾಗಿ ಗ್ರಂಥಗಳನ್ನು ಅವರು ಬಳಸಬಹುದಾದ ರೂಪಕ್ಕೆ ತರಲು ಅವಕಾಶವಿತ್ತಿದೆ. ಇದೇ ಉದ್ದೇಶದ 2013ರ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಸ್ಥಿರೀಕರಿಸಿದ ದೇಶ ಭಾರತವೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನೂ, ಸರ್ಕಾರಿ ಉದ್ಯೋಗಗಳಲ್ಲಿ ಶೇಕಡಾ 4ಕ್ಕೆ ಕಡಿಮೆಯಿಲ್ಲದಂತೆ ಹುದ್ದೆಗಳನ್ನೂ ಕಾಯ್ದಿರಿಸಿದೆ. ಮಠಗಳು ನಡೆಸುವ ಅನುದಾನಿತ ಕಾಲೇಜುಗಳಿಗೂ ಇದು ಅನ್ವಯಿಸುತ್ತದೆ. ಸ್ಥಾನ ದೊರೆತು ಪಠ್ಯ ದೊರೆಯದಿದ್ದರೆ ಆ ವಿದ್ಯಾರ್ಥಿ ಸಹಪಾಠಿಗಳ ಬಿಡುವಿಗಾಗಿ ಕಾದು ಕುಳಿತಿರಬೇಕು. ಪಠ್ಯವಿಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಉದ್ಯೋಗವಿಲ್ಲ. ಕಾಯಕವನ್ನು ಸಾರುವ ನಾವೇ ಒಬ್ಬನ ಕಾಯಕದ ಬಾಗಿಲನ್ನು ಹೀಗೆ ಅರಿಯದೆ ಮುಚ್ಚುತ್ತಿದ್ದೇವೆ.

"ಇಂಥ ಓದುಗರು ಎಷ್ಟು ಜನ?" ಎಂದು ಕೆಲವರು ಕೇಳಬಹುದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನಾನಾ ಬಗೆಯ ಅಂಗವೈಕಲ್ಯವುಳ್ಳವರು 13 ಲಕ್ಷಕ್ಕೂ ಅಧಿಕ. ಅವರಲ್ಲಿ ದೃಷ್ಟಿಹೀನರು ಒಂದು ಭಾಗ. ಆ ಎಣಿಕೆಯನ್ನು ಬದಿಗಿಡೋಣ. ನಿತ್ಯವೂ ವಚನ ಪಠಿಸುತ್ತ ಬಂದ ಹಿರಿಯ ಭಕ್ತರಲ್ಲಿ ಅನೇಕರ ಕಣ್ಣು ವಯೋಧರ್ಮದಿಂದ ಮಂದವಾಗುತ್ತದೆ; ಅಂದಿನಿಂದ ಅವರ ಪಾರಾಯಣ ನಿಲ್ಲುತ್ತದೆ. ಈ ಓದುಗರು ಬೇರೆ ಯಾರೋ ಅಲ್ಲ; ನಾಳೆಯ ನಾವೇ.

ಆದುದರಿಂದ ಶಿಬಿರಗಳಲ್ಲಿ ಬಿಳಿಕೋಲು ಹಂಚಿ ತೃಪ್ತರಾಗುವುದು ಸಾಲದು. ಇನ್ನು ಮುಂದೆ ಅಚ್ಚಾಗುವ ಪ್ರತಿಯೊಂದು ಗ್ರಂಥವನ್ನೂ ಯುನಿಕೋಡಿನಲ್ಲಿ ಜೋಡಿಸಲಿ. ಹೇಗಿದ್ದರೂ ಅಕ್ಷರ ಜೋಡಿಸಲೇಬೇಕಾದುದರಿಂದ ಇದಕ್ಕೆ ಹೆಚ್ಚಿನ ಶ್ರಮವಿಲ್ಲ. ಹಳೆಯ ಗ್ರಂಥಗಳ ಚಿತ್ರಪುಟಗಳಿಂದ ತಂತ್ರಾಂಶದ ಮೂಲಕ ಅಕ್ಷರವನ್ನು ತೆಗೆಯಬಹುದು. ಆದರೆ ಒತ್ತಕ್ಷರಗಳಲ್ಲಿ ತಪ್ಪುಗಳು ನುಸುಳುವುದರಿಂದ ಬಲ್ಲವರು ಕರಡು ತಿದ್ದಬೇಕು. ಮಠದಲ್ಲಿ ಅನ್ನವುಂಡು ಅಕ್ಷರ ಕಲಿತು ಹೋದ ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ, ಒಬ್ಬೊಬ್ಬರು ವರ್ಷಕ್ಕೊಂದು ಗ್ರಂಥದ ಕರಡನ್ನು ತಿದ್ದಿಕೊಡುವುದು ಕಷ್ಟವೇನಲ್ಲ. ತಾವುಂಡ ದಾಸೋಹದ ಋಣವನ್ನು ಅಕ್ಷರದಾಸೋಹದಿಂದ ತೀರಿಸಲು ಇದಕ್ಕಿಂತ ಸಮೀಪದ ದಾರಿ ಬೇರೊಂದಿಲ್ಲ.