ಸಾಲು ಮೃಗಗಳ ಹೂಜಿ

ಕ್ರಿ.ಪೂ. 7ನೇ ಶತಮಾನದ ಕೊನೆಯಿಂದ 6ನೇ ಶತಮಾನದ ನಡುವಿನವರೆಗೆ ಇಟಲಿಯ ಎಟ್ರುರಿಯಾದ ವುಲ್ಚಿ, ಚೆರ್ವೆತೆರಿ, ತಾರ್ಕ್ವಿನಿಯಾ ಮುಂತಾದ ನಗರಗಳಲ್ಲಿ ತಯಾರಾದ ಚಿತ್ರಿತ ಮಣ್ಣಿನ ಪಾತ್ರೆಗಳಿಗೆ ಎಟ್ರುಸ್ಕೊ-ಕೊರಿಂಥಿಯನ್ ಎಂಬ ಜೋಡಿ ಹೆಸರಿದೆ. ಗ್ರೀಸಿನ ಕೊರಿಂಥ್‌ನಿಂದ ಹಡಗಿನಲ್ಲಿ ಬರುತ್ತಿದ್ದ ಸರಕೇ ಇವಕ್ಕೆ ಮಾದರಿ. ಇವುಗಳಲ್ಲಿ ಓಯ್ನೊಕೋಯೆ ಎಂಬ ದ್ರಾಕ್ಷಾರಸದ ಹೂಜಿ ಪ್ರಮುಖವಾದದ್ದು. ಅದನ್ನು ಬರಿಯ ನಕಲೆಂದು ತಳ್ಳಿಹಾಕಿದರೆ ಕುಂಬಾರನಿಗೆ ಅನ್ಯಾಯವಾಗುತ್ತದೆ; ಚಿತ್ರಕಾರನ ಮಾತು ಬೇರೆ.

ಹಸಿಮಣ್ಣಿನ ಬಾಯಂಚನ್ನು ಎರಡು ಕಡೆ ಒಳಕ್ಕೆ ಒತ್ತಿದಾಗ ಮೂರು ಎಸಳು ಮೂಡುತ್ತವೆ. ಮುಂದಿನ ಎಸಳು ಕೊಕ್ಕಿನಂತೆ ಚಾಚಿ, ಧಾರೆ ಚದುರದಂತೆ ನೋಡಿಕೊಳ್ಳುತ್ತದೆ. ಹಿಡಿ ಬಾಯಿಗಿಂತ ಮೇಲೆದ್ದು ಬಾಗಿ ಹೆಗಲಿಗೆ ಇಳಿಯುತ್ತದೆ. ಬಗ್ಗಿಸಿ ಸುರಿಯುವಾಗ ಕೈಗೆ ಬಿಗಿಯಾಗಿ ಸಿಗುವುದು ಈ ಎತ್ತರದಿಂದಲೇ. ಹಲವು ಹೂಜಿಗಳಲ್ಲಿ ಹಿಡಿ ಅಂಚನ್ನು ಕೂಡುವಲ್ಲಿ ಎರಡು ಪುಟ್ಟ ಬಿಲ್ಲೆಗಳಿವೆ. ಲೋಹದ ಹೂಜಿಯಿಂದ ಎರವಲು ಬಂದ ಈ ಬಿಲ್ಲೆಗಳಿಗೆ ಮಣ್ಣಿನಲ್ಲಿ ಕೆಲಸವೇನೂ ಇಲ್ಲ. ಆದರೂ ಬೆಸುಗೆಯ ಜಾಗಕ್ಕೆ ಅವು ಕೊಡುವ ಒತ್ತು ಕಣ್ಣಿಗೆ ಹಿತ.

ತಿಳಿ ಬಣ್ಣದ ಮೈಮೇಲೆ ನುಣುಪು ಮಣ್ಣಿನ ದ್ರವದಿಂದ ಆಕೃತಿ ತುಂಬಿ, ಒಣಗಿದ ಮೇಲೆ ಮೊನೆಯಿಂದ ಗೀರಿ ಕಣ್ಣು, ಪಕ್ಕೆ, ಕೇಸರಗಳನ್ನು ಬಿಡಿಸುತ್ತಿದ್ದರು. ಅಲ್ಲಲ್ಲಿ ನೇರಳೆಗೆಂಪು ಹಚ್ಚುತ್ತಿದ್ದರು. ಆವಿಗೆಯಲ್ಲಿ ಗಾಳಿಯನ್ನು ಬಿಟ್ಟು, ತಡೆದು, ಮತ್ತೆ ಬಿಟ್ಟಾಗ ಆಕೃತಿ ಕಪ್ಪಾಗಿ ನಿಲ್ಲುತ್ತಿತ್ತು. ಹೆಗಲಲ್ಲಿ ನಾಲಗೆಯಾಕಾರದ ಗೆರೆಗಳು, ಹೊಟ್ಟೆಯ ಸುತ್ತ ಮೃಗಗಳ ಪಟ್ಟಿಗಳು, ಅಡಿಯಿಂದ ಮೇಲೇಳುವ ಚೂಪಾದ ಕಿರಣಗಳು: ಈ ಹಂಚಿಕೆ ಹೂಜಿಯ ಮೈಕಟ್ಟನ್ನೇ ಅನುಸರಿಸುತ್ತದೆ. ಕಿರಿದಾದ ಅಡಿಯಿಂದ ಹೊಟ್ಟೆ ಉಬ್ಬುವುದನ್ನು ಕಿರಣಗಳು ಎತ್ತಿ ತೋರಿಸುತ್ತವೆ. ಅಲಂಕಾರದಲ್ಲಿ ಎಲ್ಲಕ್ಕಿಂತ ಜಾಣತನದ ಭಾಗ ಇದು, ಮೃಗಗಳಲ್ಲ.

ಮೃಗಗಳಿಗೆ ಕೊರಿಂಥ್‌ನ ಕಟ್ಟಳೆಯಿದೆ. ಸಿಂಹದ ಮುಖ ಪಕ್ಕಕ್ಕೆ, ಚಿರತೆಯದು ನೋಡುವವನ ಕಡೆಗೆ. ಜಿಂಕೆ ತಲೆ ತಗ್ಗಿಸಿ ಮೇಯುತ್ತದೆ. ವುಲ್ಚಿಯಲ್ಲಿ ಕೆಲಸ ಮಾಡಿದ, ನಿಜ ಹೆಸರು ಉಳಿಯದ ಒಬ್ಬ ಚಿತ್ರಕಾರನನ್ನು ವಿದ್ವಾಂಸರು ‘ಗಡ್ಡದ ಸ್ಫಿಂಕ್ಸ್‌ನ ಚಿತ್ರಕಾರ’ ಎನ್ನುತ್ತಾರೆ. ಗ್ರೀಕರಲ್ಲಿ ಸಾಮಾನ್ಯವಾಗಿ ಹೆಣ್ಣಾದ ಸ್ಫಿಂಕ್ಸ್‌ಗೆ ಅವನು ಗಡ್ಡ ಬರೆದ. ಅವನ ಗೀರಿನಲ್ಲಿ ಹಿಡಿತವಿದೆ, ಮೃಗಗಳ ನಡಿಗೆಯಲ್ಲಿ ಗತ್ತಿದೆ. ಕಟ್ಟಳೆಯ ಒಳಗಿದ್ದೇ ತನ್ನ ಕೈಗುರುತು ಬಿಟ್ಟವನು ಅವನು.

ನಂತರದ ಕಾರ್ಯಾಗಾರಗಳಿಗೆ ಆ ಹಿಡಿತವಿರಲಿಲ್ಲ. ಹಂಗೇರಿಯ ವಿದ್ವಾಂಸ ಯಾನೊಷ್ ಗ್ಯೋರ್ಗ್ಯ್ ಸಿಲಾಗಿ ಚದುರಿದ್ದ ಈ ಪಾತ್ರೆಗಳನ್ನು ಚಿತ್ರಶೈಲಿಯ ಆಧಾರದಲ್ಲಿ ಚಿತ್ರಕಾರರಿಗೂ ಗುಂಪುಗಳಿಗೂ ಹಂಚಿ 1992 ಮತ್ತು 1998ರಲ್ಲಿ ಎರಡು ಸಂಪುಟ ಪ್ರಕಟಿಸಿದರು. ಆ ವಿಂಗಡಣೆಯ ಬೆಳಕಿನಲ್ಲಿ ಇಳಿತ ಸ್ಪಷ್ಟ. ಜಾಗ ತುಂಬಲೆಂದೇ ಮೃಗಗಳ ಮೈ ರಬ್ಬರಿನ ಹಾಗೆ ಉದ್ದವಾಗುತ್ತದೆ. ನಡುವಿನ ಹೂವುಗಳು ದಳ ಕಳೆದುಕೊಂಡು ನಾಲ್ಕು ಗೀರಿನ ಕಪ್ಪು ಮಚ್ಚೆಗಳಾಗುತ್ತವೆ. ಕೊರಿಂಥ್‌ನ ಮೂಲವನ್ನು ಬಿಟ್ಟು ಪಕ್ಕದವನ ನಕಲನ್ನೇ ನಕಲು ಮಾಡಿದ ಸೋಮಾರಿತನ ಇದು. ಇಷ್ಟಾದರೂ ಎಸಳು ಬಾಯಿ, ಎತ್ತರದ ಹಿಡಿ ಕೆಡಲಿಲ್ಲ. 6ನೇ ಶತಮಾನದ ಮಧ್ಯದ ಹೊತ್ತಿಗೆ ಅಥೆನ್ಸಿನ ಕಪ್ಪು ಆಕೃತಿಯ ಪಾತ್ರೆಗಳು ದೇವರು, ವೀರರ ಕಥೆಗಳೊಂದಿಗೆ ಎಟ್ರುರಿಯಾದ ಮಾರುಕಟ್ಟೆ ತುಂಬಿದಾಗ, ಮೃಗಗಳ ಸಾಲು ಬೇಡಿಕೆ ಕಳೆದುಕೊಂಡಿತು. ಮೂರೆಸಳಿನ ಹೂಜಿ ಮಾತ್ರ ಬೇರೆ ಚಿತ್ರಗಳನ್ನು ಹೊತ್ತು ಮುಂದುವರಿಯಿತು.