ಪವಾಡದ ಬಳಿ ನಿಲ್ಲದ ಕಥೆ



ದೇವಾಲಯ, ಗುರು, ಬಲಿಪೂಜೆ ಇವು ತೆರೆಯ ಮೇಲೆ ಬಂದರೆ ನಾವು ಹೊಗಳಿಕೆಗೆ ಹಿಗ್ಗುತ್ತೇವೆ, ತೆಗಳಿಕೆಗೆ ಸಿಡಿಮಿಡಿಗೊಳ್ಳುತ್ತೇವೆ. ಆ ಕೃತಿ ಮನುಷ್ಯನ ಕುರಿತು ನಿಜವನ್ನು ನುಡಿಯಿತೇ ಎಂದು ಕೇಳುವುದು ಅಪರೂಪ. 2021ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ, ಮೈಕ್ ಫ್ಲ್ಯಾನಗನ್ ನಿರ್ದೇಶನದ 'ಮಿಡ್‌ನೈಟ್ ಮಾಸ್' ಎಂಬ ಏಳು ಕಂತುಗಳ ಧಾರಾವಾಹಿಯನ್ನು ನಾನು ಈ ಪ್ರಶ್ನೆಯನ್ನಿಟ್ಟುಕೊಂಡೇ ನೋಡಿದೆ.

ಕ್ರಾಕೆಟ್ ಎಂಬ ಕಾಲ್ಪನಿಕ ಅಮೆರಿಕನ್ ದ್ವೀಪ. ಅಲ್ಲಿ ಉಳಿದಿರುವವರು 127 ಮಂದಿ. ಸಮುದ್ರಕ್ಕೆ ಎಣ್ಣೆ ಚೆಲ್ಲಿ ಮೀನುಗಾರಿಕೆ ನೆಲಕಚ್ಚಿದೆ, ಪೂಜೆಗೆ ಬರುವವರು ಬೆರಳೆಣಿಕೆಯಷ್ಟು. ಪುಣ್ಯಕ್ಷೇತ್ರಗಳ ಯಾತ್ರೆಗೆ ಹೋದ ವೃದ್ಧ ಗುರುವಿನ ಸ್ಥಾನಕ್ಕೆ ಫಾದರ್ ಪೌಲ್ ಎಂಬ ತರುಣ ಗುರು ಬರುತ್ತಾರೆ. ನಡೆಯಲಾಗದ ಹುಡುಗಿ ನಡೆಯುತ್ತಾಳೆ, ಮುದುಕರಿಗೆ ಯೌವನ ಮರಳುತ್ತದೆ. ಬಂದಾತ ಆ ವೃದ್ಧ ಗುರುವೇ ಎಂಬುದು ಮುಂದೆ ತಿಳಿಯುತ್ತದೆ. ರಕ್ತ ಹೀರುವ ಜೀವಿಯೊಂದನ್ನು ದೇವದೂತನೆಂದು ನಂಬಿ, ಅದರ ರಕ್ತವನ್ನು ಪೂಜೆಯ ದ್ರಾಕ್ಷಾರಸಕ್ಕೆ ಬೆರೆಸಿದವರು ಅವರೇ.

ಫ್ಲ್ಯಾನಗನ್ ಬಾಲ್ಯದಲ್ಲಿ ಪೀಠಬಾಲಕರಾಗಿದ್ದವರು. ಆ ಪರಿಚಯ ಕೃತಿಯಲ್ಲಿ ಎದ್ದು ಕಾಣುತ್ತದೆ. ಕಂತುಗಳಿಗೆ 'ಆದಿಕಾಂಡ'ದಿಂದ 'ಪ್ರಕಟನೆ'ಯವರೆಗೆ ಬೈಬಲಿನ ಹೆಸರುಗಳಿವೆ; ಕಥೆ ತಪಸ್ಸುಕಾಲದ ಹಾದಿಯಲ್ಲಿ ನಡೆದು ಪಾಸ್ಕ ಜಾಗರಣೆಯನ್ನು ತಲುಪುತ್ತದೆ. ಇದನ್ನು ಧರ್ಮನಿಂದೆಯೆಂದು ತಳ್ಳಿಹಾಕುವುದು ಅನ್ಯಾಯ. ಪ್ರತಿ ಮಾತಿಗೂ ವಚನವನ್ನು ಮುಂದೊಡ್ಡಿ ನೆರೆಯವರನ್ನು ಹೀಗಳೆಯುವ ಬೆವ್ ಕೀನ್ ಎಂಬ ಹೆಂಗಸನ್ನು ಕಂಡಾಗ, ಓದುಗರೇ, ನಮಗೆ ಪರಿಚಯದ ಮುಖವೊಂದು ನೆನಪಾಗದಿರದು. ಒಮ್ಮೊಮ್ಮೆ ಅದು ನಮ್ಮದೇ ಮುಖ.

ಮೂರನೆಯ ಕಂತಿನಲ್ಲಿ ಒಂದು ದೃಶ್ಯವಿದೆ. ಲೀಸಾ ನಡೆಯಲಾಗದವಳಾದದ್ದು ಜೋ ಕಾಲಿ ಎಂಬ ಕುಡುಕನ ಗುಂಡು ಅಕಸ್ಮಾತ್ತಾಗಿ ತಗುಲಿದ್ದರಿಂದ. ವಾಸಿಯಾದವಳು ಅವನ ಮನೆ ಬಾಗಿಲಿಗೆ ಹೋಗುತ್ತಾಳೆ. ಅವನಿಂದ ಕಳೆದುಕೊಂಡದ್ದನ್ನೆಲ್ಲ ಹೇಳುತ್ತಾಳೆ, ತನ್ನೊಳಗಿನ ದ್ವೇಷವನ್ನು ಮುಚ್ಚಿಡುವುದಿಲ್ಲ. ಆಮೇಲೆ ಕ್ಷಮಿಸುತ್ತಾಳೆ. ಜೋ ಕುಸಿದು ಅಳುತ್ತಾನೆ, ಕುಡಿತ ಬಿಡುವ ಹಾದಿಗೂ ಇಳಿಯುತ್ತಾನೆ. ಕಾಲು ಬಂದದ್ದಕ್ಕಿಂತ ದೊಡ್ಡ ಪವಾಡ ಇದು.

ನನ್ನ ನಿರಾಸೆ ಇಲ್ಲಿಂದಲೇ ಆರಂಭ. ಕ್ಷಮೆ ಪಡೆದವನು ಮರುದಿನ ಹೇಗೆ ಬದುಕುತ್ತಾನೆ, ಊರು ಅವನನ್ನು ಹೇಗೆ ನೋಡುತ್ತದೆ? ಧಾರಾವಾಹಿಗೆ ಅದನ್ನು ಕಾಯುವ ತಾಳ್ಮೆಯಿಲ್ಲ. ಬೇಗನೆ ಗುರುವಿನ ಕೈಯಲ್ಲೇ ಜೋ ಸಾಯುತ್ತಾನೆ. ಉಳಿದದ್ದು ರೆಕ್ಕೆಯ ರಾಕ್ಷಸ, ವಿಷದ ಲೋಟಗಳು, ಬೆಂಕಿ. ನಡುನಡುವೆ ಪಾತ್ರಗಳು ಸಂಭಾಷಣೆ ಬಿಟ್ಟು ಸಾವಿನ ಕುರಿತು ಉಪನ್ಯಾಸ ಮಾಡುತ್ತವೆ. ರಾಕ್ಷಸ ಬಂದ ಮೇಲೆ ಊರಿನ ಪಾಪವೆಲ್ಲ ಅವನ ಲೆಕ್ಕಕ್ಕೆ ಸೇರುತ್ತದೆ. ಬೆವ್‌ಳ ಕ್ರೌರ್ಯಕ್ಕಾಗಲಿ, ಅವಳಿಗೆ ತಲೆಯಾಡಿಸಿದ ಸಭೆಗಾಗಲಿ ಯಾವ ರಾಕ್ಷಸನೂ ಬೇಕಿರಲಿಲ್ಲ.

ಅನೇಕ ವಿಮರ್ಶಕರು ಈ ಕೃತಿಯನ್ನು ಮೆಚ್ಚಿದ್ದಾರೆ. ಗುರುವಾಗಿ ಹ್ಯಾಮಿಶ್ ಲಿಂಕ್‌ಲೇಟರ್ ಅವರ ಅಭಿನಯ ಆ ಮೆಚ್ಚುಗೆಗೆ ಯೋಗ್ಯವೇ. ಮಕ್ಕಳಿಗಂತೂ ಇದು ತಕ್ಕುದಲ್ಲ. ನೀವು ನೋಡುವುದಾದರೆ ಆ ಮೂರನೆಯ ಕಂತಿನಲ್ಲಿ ತುಸು ನಿಲ್ಲಿ. ನಾವು ಯಾರ ಬಾಗಿಲಿಗೆ ಹೋಗಬೇಕಾಗಿದೆ, ನಮ್ಮ ಬಾಗಿಲಿಗೆ ಯಾರು ಬಂದಾರೆಂದು ಕಾದಿದ್ದೇವೆ? ಧಾರಾವಾಹಿ ಅರ್ಧಕ್ಕೆ ಬಿಟ್ಟುಹೋದ ಆ ಕಥೆಯನ್ನು ಮುಂದುವರಿಸಬೇಕಾದವರು ನಾವು.